ಸೂತ್ರ ಸರಿಯಿತ್ತು, ನೀರು ಒಪ್ಪಲಿಲ್ಲ

ಈಜುಕೊಳದ ನೀರಿಗೆ ಯಾವ ರಾಸಾಯನಿಕ ಎಷ್ಟು ಹಾಕಬೇಕೆಂದು ಹೇಳುವ ಪುಟ್ಟ ತಂತ್ರಾಂಶವೊಂದನ್ನು ಬರೆಯಲು ಕೂತಾಗ, ಇದು ಒಂದು ವಾರಾಂತ್ಯದಲ್ಲಿ ಮುಗಿಯುವ ಕೆಲಸ ಎಂದುಕೊಂಡಿದ್ದೆ. ಲೆಕ್ಕ ಅಷ್ಟು ಸುಲಭವಾಗಿ ಕಾಣುತ್ತಿತ್ತು. ಒಂದು ಘನ ಮೀಟರ್ ನೀರಿಗೆ ಒಂದು ಗ್ರಾಂ ಕ್ಲೋರಿನ್ ಬೆರೆಸಿದರೆ 1 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ 75,000 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಕ್ಲೋರಿನ್ ಮಟ್ಟವನ್ನು 2 ಪಿಪಿಎಂ ಏರಿಸಲು 150 ಗ್ರಾಂ ಬೇಕು. ಲೀಟರಿಗೆ 100 ಗ್ರಾಂ ಕ್ಲೋರಿನ್ ಇರುವ ದ್ರಾವಣವಾದರೆ ಒಂದೂವರೆ ಲೀಟರ್ ಸುರಿದರಾಯಿತು. ನಾಲ್ಕು ಗುಣಾಕಾರ, ಎರಡು ಭಾಗಾಕಾರ. ನಾನು ಬರೆದ ಮೊದಲ ಆವೃತ್ತಿಯಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ.

ಆ ವಾರಾಂತ್ಯ ಕಳೆದು ವರ್ಷಗಳಾಗಿವೆ, ಕೆಲಸ ಮುಗಿದಿಲ್ಲ. ಈ ಅವಧಿಯಲ್ಲಿ ನಾನು ತಿದ್ದಿದ ದೋಷಗಳ ಪಟ್ಟಿಯನ್ನು ಮೊನ್ನೆ ಹಿಂದಿನಿಂದ ಓದುತ್ತ ಬಂದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು: ಅವುಗಳಲ್ಲಿ ಸೂತ್ರದ ತಪ್ಪುಗಳು ಬೆರಳೆಣಿಕೆಯಷ್ಟು ಮಾತ್ರ. ಉಳಿದವೆಲ್ಲ ಸೂತ್ರಕ್ಕೆ ಹೋಗುವ ಅಂಕಿಗಳಿಗೆ, ಇಲ್ಲವೇ ಸೂತ್ರದಿಂದ ಹೊರಬಂದ ಅಂಕಿಯನ್ನು ಮನುಷ್ಯರು ಕೈಯಲ್ಲಿ ಹಿಡಿದು ಏನು ಮಾಡುತ್ತಾರೆ ಎಂಬುದಕ್ಕೆ ಸಂಬಂಧಿಸಿದವು. ಲೆಕ್ಕ ಸರಿಯಿದ್ದೂ ಉತ್ತರ ತಪ್ಪಾಗುವುದು ಹೇಗೆ ಎಂಬುದನ್ನು ಈ ಕೊಳಗಳು ನನಗೆ ಒಂದೊಂದಾಗಿ ತೋರಿಸಿಕೊಟ್ಟವು.

ಎಲ್ಲಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದಿರುವುದು ಒಂದು ಬಣ್ಣವಿಲ್ಲದ ಪರೀಕ್ಷಾ ನಳಿಕೆ. ನೀರಿನಲ್ಲಿರುವ ಮುಕ್ತ ಕ್ಲೋರಿನ್ ಅಳೆಯಲು ಸಾಮಾನ್ಯವಾಗಿ ಡಿಪಿಡಿ ಎಂಬ ಸೂಚಕವನ್ನು ಬಳಸುತ್ತಾರೆ. ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹೆಚ್ಚಿದ್ದಷ್ಟೂ ಬಣ್ಣ ಗಾಢ. ನನ್ನ ತಂತ್ರಾಂಶ ಬಳಸುತ್ತಿದ್ದ ಪರಿಚಿತರೊಬ್ಬರು ಒಂದು ಸಂಜೆ ನಳಿಕೆಯಲ್ಲಿ ಬಣ್ಣವೇ ಬರಲಿಲ್ಲವೆಂದು 0 ಎಂದು ದಾಖಲಿಸಿದರು. ತಂತ್ರಾಂಶ ಎಷ್ಟು ಹಾಕಬೇಕೆಂದು ಹೇಳಿತು, ಅವರು ಹಾಕಿದರು. ಮರುದಿನ ಮತ್ತೆ 0. ಮತ್ತೆ ಹಾಕಿದರು. ಮೂರನೆಯ ದಿನ ನೀರಿನ ಹತ್ತಿರ ಹೋದರೆ ಕಣ್ಣು ಉರಿಯುತ್ತಿದೆ ಎಂದು ನನಗೆ ಕರೆ ಮಾಡಿದರು. ನಾನು ಹೋಗಿ ನೋಡಿದೆ. ಸೂಚಕದ ಹನಿ ನೀರಿಗೆ ಬಿದ್ದ ಕ್ಷಣದಲ್ಲಿ ಗುಲಾಬಿಯ ಒಂದು ಎಳೆ ಮಿಂಚಿ, ನಳಿಕೆ ಅಲುಗಾಡಿಸುವಷ್ಟರಲ್ಲಿ ಮಾಯವಾಯಿತು. ಕ್ಲೋರಿನ್ ತೀರಾ ಹೆಚ್ಚಾದಾಗ ಅದು ಸೂಚಕದ ಬಣ್ಣವನ್ನೇ ತಿಂದುಹಾಕುತ್ತದೆ. ಏನೂ ಇಲ್ಲದ ನೀರೂ ವಿಪರೀತ ಇರುವ ನೀರೂ ನಳಿಕೆಯಲ್ಲಿ ಒಂದೇ ರೀತಿ ತಿಳಿಯಾಗಿ ಕಾಣುತ್ತವೆ. ಮಾದರಿ ನೀರಿಗೆ ನಾಲ್ಕು ಪಾಲು ಶುದ್ಧ ನೀರು ಬೆರೆಸಿ ಮತ್ತೆ ಪರೀಕ್ಷಿಸಿದಾಗ ಗುಲಾಬಿ ಬಣ್ಣ ನಿಂತಿತು. ಐದರಿಂದ ಗುಣಿಸಿದರೆ ಕೊಳದಲ್ಲಿದ್ದದ್ದು 20 ಪಿಪಿಎಂಗೂ ಮೇಲೆ.

ನನ್ನ ಕೋಡಿನಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. 0 ಬಂದರೆ ಎಷ್ಟು ಸೇರಿಸಬೇಕೋ ಅಷ್ಟನ್ನೇ ಅದು ಹೇಳಿತ್ತು. ಆದರೆ ಹಿಂದಿನ ದಿನ 5 ಪಿಪಿಎಂ ಆಗುವಷ್ಟು ಕ್ಲೋರಿನ್ ಹಾಕಿದ ದಾಖಲೆ ಅದೇ ದತ್ತಾಂಶದಲ್ಲಿ, ಎರಡು ಸಾಲು ಮೇಲೆ ಇತ್ತು. ಒಂದು ರಾತ್ರಿ ಕಳೆದು ಮರುದಿನ ಅದು ಸೊನ್ನೆಗೆ ಇಳಿದಿದೆ ಎಂದರೆ, ಒಂದೋ ನೀರಿನಲ್ಲಿ ಪಾಚಿ ಭಾರಿ ಪ್ರಮಾಣದಲ್ಲಿ ಬೆಳೆದಿರಬೇಕು, ಇಲ್ಲವೇ ಪರೀಕ್ಷೆ ತಪ್ಪಾಗಿರಬೇಕು. ಅನುಭವಸ್ಥರು ಯಾರಾದರೂ ಪಕ್ಕದಲ್ಲಿದ್ದಿದ್ದರೆ "ನಿನ್ನೆ ತಾನೇ ಹಾಕಿದ್ದೀರಲ್ಲ" ಎಂದು ಕೇಳುತ್ತಿದ್ದರು. ತಂತ್ರಾಂಶ ಕೇಳಲಿಲ್ಲ, ಏಕೆಂದರೆ ನಾನು ಅದಕ್ಕೆ ನಿನ್ನೆ ಎಂಬುದನ್ನೇ ಕಲಿಸಿರಲಿಲ್ಲ. ಈಗ ಯಾರಾದರೂ 0 ಎಂದು ನಮೂದಿಸಿದರೆ, ಲೆಕ್ಕಕ್ಕೆ ಮುಂಚೆ ಒಂದು ಪ್ರಶ್ನೆ ಬರುತ್ತದೆ: ಹನಿ ಬಿದ್ದಾಗ ಕ್ಷಣಮಾತ್ರ ಬಣ್ಣ ಮಿಂಚಿತೇ? ಈ ಒಂದು ಪ್ರಶ್ನೆಯನ್ನು ಸೇರಿಸಲು ಅರ್ಧ ಗಂಟೆ ಹಿಡಿಯಿತು. ಸೇರಿಸಬೇಕೆಂದು ತಿಳಿಯಲು ಮಾತ್ರ ಎರಡು ವರ್ಷ.

ಪಿಎಚ್‌ನದ್ದು ಇದರ ತಮ್ಮನಂಥ ಕಥೆ. ಫೀನಾಲ್ ರೆಡ್ ಎಂಬ ಸೂಚಕ ಹಳದಿಯಿಂದ ಕೆಂಪಿಗೆ ಬಣ್ಣ ಬದಲಿಸುವುದು ಹೆಚ್ಚೂಕಡಿಮೆ 6.8ರಿಂದ 8.2ರವರೆಗೆ ಮಾತ್ರ. ಅದರ ಆಚೆ ಪಿಎಚ್ 8.4 ಇರಲಿ, 9 ಇರಲಿ, ಬಣ್ಣದ ಪಟ್ಟಿಯ ಕೊನೆಯ ಚೌಕವೇ ಕಾಣುತ್ತದೆ. ಜನ ಪ್ರಾಮಾಣಿಕವಾಗಿ 8.2 ಎಂದು ಬರೆಯುತ್ತಾರೆ, ತಂತ್ರಾಂಶ ಅದನ್ನು 8.2 ಎಂದೇ ನಂಬುತ್ತದೆ. ಅವರು ಹೇಳಬೇಕಾಗಿದ್ದದ್ದು "8.2 ಅಥವಾ ಅದಕ್ಕಿಂತ ಮೇಲೆ" ಎಂದು, ಹಾಗೆ ಹೇಳಲು ನಾನು ಕೊಟ್ಟ ಪೆಟ್ಟಿಗೆಯಲ್ಲಿ ಜಾಗವೇ ಇರಲಿಲ್ಲ. ಸಂಖ್ಯೆಯೊಂದನ್ನು ಸಂಖ್ಯೆಯಾಗಿ ಮಾತ್ರ ಸಂಗ್ರಹಿಸಿದರೆ ಸಾಲದು, ಅದು ಅಳತೆಪಟ್ಟಿಯ ತುದಿಯೋ ನಡುವೋ ಎಂಬುದನ್ನೂ ಸಂಗ್ರಹಿಸಬೇಕು ಎಂದು ತಿಳಿದ ಮೇಲೆ ದತ್ತಾಂಶದ ರಚನೆಯನ್ನೇ ಬದಲಿಸಬೇಕಾಯಿತು. ಈಗ ತುದಿಯ ಅಂಕಿ ಬಂದರೆ ತಂತ್ರಾಂಶ ಪೂರ್ತಿ ಪ್ರಮಾಣ ಹೇಳುವುದಿಲ್ಲ. ಸ್ವಲ್ಪ ಆಮ್ಲ ಹಾಕಿ, ಪಂಪು ಓಡಿಸಿ, ಮತ್ತೆ ಅಳೆಯಿರಿ ಎನ್ನುತ್ತದೆ. ಇದಕ್ಕೆ ಬೈಗುಳ ತಿಂದದ್ದೂ ಇದೆ. ಲೆಕ್ಕ ಗೊತ್ತಿದ್ದರೆ ಪೂರ್ತಿ ಹೇಳಬಾರದೇ ಎಂದು ಕೇಳುವವರಿಗೆ, ಲೆಕ್ಕ ಗೊತ್ತಿದೆ, ನೀರು ಗೊತ್ತಿಲ್ಲ ಎಂದೇ ಉತ್ತರಿಸುತ್ತ ಬಂದಿದ್ದೇನೆ.

ಸೂತ್ರದಲ್ಲೇ ನಾನು ಎಡವಿದ ಒಂದು ಜಾಗವನ್ನೂ ಒಪ್ಪಿಕೊಳ್ಳಬೇಕು. ಪಿಎಚ್ ಇಳಿಸಲು ಬೇಕಾದ ಆಮ್ಲಕ್ಕೆ ನಾನು ಮೊದಲು ಬಳಸಿದ್ದು ಒಂದು ನೇರ ಅನುಪಾತ: ಪ್ರತಿ 0.1ಕ್ಕೆ ಇಷ್ಟು ಮಿಲಿಲೀಟರ್. ಹಲವು ಡಬ್ಬಿಗಳ ಮೇಲೂ ಹೀಗೆಯೇ ಅಚ್ಚಾಗಿರುತ್ತದೆ. ಆದರೆ ಪಿಎಚ್ ಒಂದು ಲಾಗರಿದಮಿಕ್ ಅಳತೆ, ಮತ್ತು ನೀರಿನಲ್ಲಿರುವ ಬೈಕಾರ್ಬೊನೇಟ್ ಆಮ್ಲವನ್ನು ಹೀರಿಕೊಂಡು ಬದಲಾವಣೆಯನ್ನು ತಡೆಯುತ್ತಲೇ ಇರುತ್ತದೆ. ಹೀಗೆ ಆಮ್ಲವನ್ನು ತಡೆಯುವ ಶಕ್ತಿಯ ಅಳತೆಗೆ ಒಟ್ಟು ಕ್ಷಾರತೆ ಎನ್ನುತ್ತಾರೆ. ಅದು 120 ಪಿಪಿಎಂ ಇರುವ ನೀರಿಗೆ 60 ಇರುವ ನೀರಿಗಿಂತ ಹೆಚ್ಚೂಕಡಿಮೆ ಎರಡು ಪಟ್ಟು ಆಮ್ಲ ಬೇಕು. ಅಷ್ಟೇ ಆಗಿದ್ದರೆ ಒಂದು ಗುಣಾಕಾರದಲ್ಲಿ ಮುಗಿಯುತ್ತಿತ್ತು. ಒಂದೇ ನೀರಿನಲ್ಲಿ 8.2ರಿಂದ 8.0ಕ್ಕೆ ಇಳಿಯಲು ಬೇಕಾದದ್ದಕ್ಕಿಂತ 7.4ರಿಂದ 7.2ಕ್ಕೆ ಇಳಿಯಲು ಮೂರು ಪಟ್ಟಿಗೂ ಹೆಚ್ಚು ಬೇಕಾಗುತ್ತದೆ. ನೇರ ಅನುಪಾತ ಒಂದು ತುದಿಯಲ್ಲಿ ಅತಿಯಾಗಿಯೂ ಇನ್ನೊಂದು ತುದಿಯಲ್ಲಿ ಕೊರತೆಯಾಗಿಯೂ ಹೇಳುತ್ತಿತ್ತು. ಕಾರ್ಬೊನೇಟ್ ಸಮತೋಲನದ ಸಮೀಕರಣಗಳನ್ನು ಸರಿಯಾಗಿ ಬಿಡಿಸುವ ಕೋಡನ್ನು ಬರೆದ ಮೇಲೆ ಈ ತೊಂದರೆ ತೀರಿತು.

ಇನ್ನೊಂದು ತೊಂದರೆ ಅಲ್ಲಿಂದಲೇ ಹುಟ್ಟಿತು. ಆಮ್ಲ ಪಿಎಚ್‌ನೊಂದಿಗೆ ಕ್ಷಾರತೆಯನ್ನೂ ಇಳಿಸುತ್ತದೆ. ಇಳಿದ ಕ್ಷಾರತೆಯನ್ನು ಏರಿಸಲು ಸೋಡಿಯಂ ಬೈಕಾರ್ಬೊನೇಟ್ ಹಾಕಿದರೆ ಪಿಎಚ್ ಮತ್ತೆ ತುಸು ಮೇಲೇರುತ್ತದೆ, ಕ್ಷಾರತೆ ಹೆಚ್ಚಿದಷ್ಟೂ ನೀರಿನಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗುವುದೂ ಹೆಚ್ಚಿ ಅದು ಇನ್ನಷ್ಟು ಏರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ನನ್ನ ತಂತ್ರಾಂಶ ಒಂದು ವಾರ ಆಮ್ಲ ಹಾಕಿ ಎಂದು, ಮುಂದಿನ ವಾರ ಸೋಡಾ ಹಾಕಿ ಎಂದು ಕೊಳದ ಮಾಲೀಕರನ್ನು ಓಡಾಡಿಸಿತು. ಎರಡೂ ಸಲಹೆಗಳು ಆಯಾ ದಿನದ ಮಟ್ಟಿಗೆ ಸರಿಯೇ ಆಗಿದ್ದವು. ಎರಡು ತಿಂಗಳ ದಾಖಲೆಯನ್ನು ಒಂದೇ ಗೆರೆಯಾಗಿ ಎಳೆದು ನೋಡಿದಾಗ ಕಂಡದ್ದೇ ಬೇರೆ: ಆ ಕೊಳಕ್ಕೆ ಕ್ಷಾರತೆ 100 ಎಂಬ ಗುರಿಯೇ ಹೊಂದುತ್ತಿರಲಿಲ್ಲ, 70ರ ಹತ್ತಿರ ಬಿಟ್ಟರೆ ಪಿಎಚ್ ತಾನಾಗಿಯೇ ನಿಲ್ಲುತ್ತಿತ್ತು. ಗುರಿಯ ಅಂಕಿಯನ್ನು ಎಲ್ಲ ಕೊಳಗಳಿಗೂ ಒಂದೇ ಎಂದು ಕೋಡಿನಲ್ಲಿ ಕೆತ್ತಿಟ್ಟದ್ದು ನನ್ನ ತಪ್ಪು.

ಸಯನೂರಿಕ್ ಆಮ್ಲದ ವಿಷಯಕ್ಕೆ ಬಂದರೆ ಸ್ವಲ್ಪ ನಿಲ್ಲಬೇಕಾಗುತ್ತದೆ, ಏಕೆಂದರೆ ಕೊಳದ ತಂತ್ರಾಂಶಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿಯೇ. ಸ್ಟೆಬಿಲೈಸರ್ ಎಂಬ ಹೆಸರಿನಲ್ಲಿ ಬರುವ ಇದು ಬಿಸಿಲಿಗೆ ಕ್ಲೋರಿನ್ ಬೇಗ ನಾಶವಾಗದಂತೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದಿಟ್ಟುಕೊಂಡ ಕ್ಲೋರಿನ್ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕೆಲಸವನ್ನೂ ಅಷ್ಟಾಗಿ ಮಾಡುವುದಿಲ್ಲ. ಆ ಕೆಲಸ ಮಾಡುವುದು ಹೈಪೋಕ್ಲೋರಸ್ ಆಮ್ಲ. ಸ್ಟೆಬಿಲೈಸರ್ ಇಲ್ಲದ ನೀರಿನಲ್ಲಿ ಪಿಎಚ್ 7.5ರ ಹತ್ತಿರ ಮುಕ್ತ ಕ್ಲೋರಿನ್‌ನ ಅರ್ಧದಷ್ಟು ಈ ರೂಪದಲ್ಲಿರುತ್ತದೆ, 8ರಲ್ಲಿ ಕಾಲು ಭಾಗಕ್ಕೆ ಇಳಿಯುತ್ತದೆ. ಸ್ಟೆಬಿಲೈಸರ್ ಬಂದೊಡನೆ ಈ ಚಿತ್ರವೇ ಬದಲಾಗುತ್ತದೆ: ಹೈಪೋಕ್ಲೋರಸ್ ಆಮ್ಲದ ಪಾಲು ಬಹಳ ಕಡಿಮೆಯಾಗುತ್ತದೆ, ಮತ್ತು ಅದು ಪಿಎಚ್‌ಗಿಂತ ಹೆಚ್ಚಾಗಿ ಕ್ಲೋರಿನ್ ಹಾಗೂ ಸಯನೂರಿಕ್ ಆಮ್ಲಗಳ ಅನುಪಾತವನ್ನು ಅವಲಂಬಿಸುತ್ತದೆ. ಓಬ್ರಯನ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ಸಮತೋಲನ ಸ್ಥಿರಾಂಕಗಳಿಂದ ಇದನ್ನು ಲೆಕ್ಕ ಹಾಕಬಹುದು. ಹಾಗಿದ್ದೂ "ಕ್ಲೋರಿನ್ 1ರಿಂದ 3 ಪಿಪಿಎಂ ಇರಲಿ" ಎಂಬ ಒಂಟಿ ಸಾಲು ಇಂದಿಗೂ ಎಲ್ಲೆಡೆ ಓಡಾಡುತ್ತಿದೆ. ನನ್ನ ಮೊದಲ ಆವೃತ್ತಿಯಲ್ಲೂ ಅದೇ ಇತ್ತು. ಕೊಳ ನೋಡಿಕೊಳ್ಳುವ ಅನುಭವಿಗಳು ಕನಿಷ್ಠ ಮಟ್ಟವನ್ನು ಸಯನೂರಿಕ್ ಆಮ್ಲದ ಶೇ. 7.5 ಎಂದು ಹಿಡಿಯುತ್ತಾರೆ. ಅಂದರೆ ಸ್ಟೆಬಿಲೈಸರ್ 30 ಇದ್ದರೆ 2ರ ಆಸುಪಾಸಿನಲ್ಲಿ ನಡೆದೀತು, 100 ಇದ್ದರೆ 7.5 ಬೇಕು. ಎರಡನೆಯ ಕೊಳಕ್ಕೆ 3 ಸಾಕು ಎಂದು ಹಸಿರು ಗುರುತು ತೋರಿಸಿದ ನನ್ನ ತಂತ್ರಾಂಶ, ನೀರು ಹಸಿರಾಗುವುದಕ್ಕೆ ತಾನೇ ಒಪ್ಪಿಗೆ ಕೊಟ್ಟಂತಾಗಿತ್ತು.

ಆ 100 ಬಂದದ್ದೆಲ್ಲಿಂದ? ಮಾತ್ರೆಗಳಿಂದ. ತೇಲುವ ಡಬ್ಬಿಯಲ್ಲಿ ಹಾಕುವ ಟ್ರೈಕ್ಲೋರ್ ಮಾತ್ರೆ ಪ್ರತಿ 10 ಪಿಪಿಎಂ ಕ್ಲೋರಿನ್ ಕೊಡುವಾಗ ಸುಮಾರು 6 ಪಿಪಿಎಂ ಸಯನೂರಿಕ್ ಆಮ್ಲವನ್ನೂ ಬಿಟ್ಟುಹೋಗುತ್ತದೆ. ದಿನಕ್ಕೆ 2 ಪಿಪಿಎಂನಂತೆ ಬಳಸಿದರೆ 60 ದಿನಗಳಲ್ಲಿ 72 ಪಿಪಿಎಂ ಸೇರಿಕೊಂಡಿರುತ್ತದೆ. ನೀರು ಆವಿಯಾದರೂ ಅದು ಆವಿಯಾಗುವುದಿಲ್ಲ. ಕಡಿಮೆ ಮಾಡಲು ಇರುವ ನಂಬಬಹುದಾದ ದಾರಿಯೆಂದರೆ ಹಳೆಯ ನೀರನ್ನು ಒಂದಿಷ್ಟು ಹೊರಹಾಕಿ ಹೊಸ ನೀರು ತುಂಬುವುದು. ಮಾತ್ರೆಯ ಬದಲು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎಂಬ ಇನ್ನೊಂದು ಬಗೆಯ ಕ್ಲೋರಿನ್ ಬಳಸಿದರೆ ಇದೇ ರೀತಿ ಕ್ಯಾಲ್ಸಿಯಂ ಗಡಸುತನ ಕೂಡುತ್ತ ಹೋಗುತ್ತದೆ, 10 ಪಿಪಿಎಂ ಕ್ಲೋರಿನ್‌ಗೆ ಸುಮಾರು 7ರಂತೆ. ಇಂದಿನ ಅಂಕಿ ಕೊಟ್ಟು ಇಂದಿನ ಪ್ರಮಾಣ ಪಡೆಯುವ ಸಾಧನಕ್ಕೆ ಇವು ಯಾವುವೂ ಕಾಣುವುದಿಲ್ಲ. ಹಾಕಿದ್ದನ್ನೆಲ್ಲ ನೆನಪಿಟ್ಟುಕೊಂಡು, "ಹೀಗೇ ಮುಂದುವರಿದರೆ ಇಂಥ ತಿಂಗಳಿಗೆ ಇಷ್ಟಾಗುತ್ತದೆ" ಎಂದು ಹೇಳುವ ಒಂದು ಪುಟವನ್ನು ಸೇರಿಸಿದ್ದು, ನನ್ನ ಅಭಿಪ್ರಾಯದಲ್ಲಿ, ಈ ತಂತ್ರಾಂಶಕ್ಕೆ ನಾನು ಮಾಡಿದ ಅತಿ ದೊಡ್ಡ ಉಪಕಾರ.

ಸಯನೂರಿಕ್ ಆಮ್ಲ ಇನ್ನೊಂದು ಕಡೆಯೂ ಕೈಯಾಡಿಸುತ್ತದೆ. ನೀರು ಗಾರೆಯನ್ನು ಕರಗಿಸುತ್ತದೆಯೋ ಅಥವಾ ಅದರ ಮೇಲೆ ಸುಣ್ಣದ ಪದರ ಕಟ್ಟುತ್ತದೆಯೋ ಎಂದು ಅಂದಾಜಿಸಲು ವಿಲ್ಫ್ರೆಡ್ ಲ್ಯಾಂಜೆಲಿಯರ್ 1936ರಲ್ಲಿ ಒಂದು ಸೂಚ್ಯಂಕವನ್ನು ರೂಪಿಸಿದರು. ಅವರ ಗಮನವಿದ್ದದ್ದು ನಗರಗಳ ನೀರಿನ ಕೊಳವೆಗಳ ಮೇಲೆ. ಅವುಗಳಲ್ಲಿ ಸ್ಟೆಬಿಲೈಸರ್ ಇರುವುದಿಲ್ಲ. ಈಜುಕೊಳದಲ್ಲಿ ಅಳೆದ ಒಟ್ಟು ಕ್ಷಾರತೆಯ ಒಂದು ಭಾಗ ಸಯನೂರಿಕ್ ಆಮ್ಲದ್ದೇ ಆಗಿರುವುದರಿಂದ, ಆ ಆಮ್ಲದ ಮಟ್ಟದ ಮೂರನೆಯ ಒಂದು ಪಾಲನ್ನು ಕ್ಷಾರತೆಯಿಂದ ಕಳೆದು ಸೂತ್ರಕ್ಕೆ ಹಾಕಬೇಕು. ಸೂಚ್ಯಂಕ ಸೊನ್ನೆಗಿಂತ ಕೆಳಗಿಳಿದಷ್ಟೂ ನೀರು ಗಾರೆಯನ್ನು ಕರಗಿಸುವತ್ತ ವಾಲುತ್ತದೆ. ಪಿಎಚ್ 7.5, ಕ್ಷಾರತೆ 100, ಕ್ಯಾಲ್ಸಿಯಂ ಗಡಸುತನ 200, ತಾಪಮಾನ 28 ಡಿಗ್ರಿ, ಕರಗಿದ ಲವಣಗಳು 1,000 ಎಂದಿಟ್ಟುಕೊಂಡರೆ ಸೂಚ್ಯಂಕ ಮೈನಸ್ 0.13 ಬರುತ್ತದೆ, ಚಿಂತೆ ಬೇಕಿಲ್ಲ. ಅದೇ ಕೊಳದಲ್ಲಿ ಸ್ಟೆಬಿಲೈಸರ್ 150 ಇದ್ದು ಅದನ್ನು ಕಳೆದರೆ ಮೈನಸ್ 0.43. ಮೊದಲನೆಯ ಅಂಕಿ ನೋಡಿ ಸುಮ್ಮನಿದ್ದವರ ಗಾರೆ ಎರಡನೆಯ ಅಂಕಿಯಂತೆ ಸವೆಯುತ್ತದೆ.

ಕೆಲವು ನಿಯಮಗಳನ್ನು ಕೋಡಿನಿಂದ ಕಿತ್ತೂ ಹಾಕಿದ್ದೇನೆ. ಬೆವರು ಮೂತ್ರಗಳಿಂದ ಬರುವ ಅಮೋನಿಯ ಕ್ಲೋರಿನ್ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ. ಜನ "ಕ್ಲೋರಿನ್ ವಾಸನೆ" ಎನ್ನುವುದು ಇದನ್ನೇ. ಇದನ್ನು ಒಡೆಯಲು, ಹೀಗೆ ಸೇರಿಕೊಂಡ ಕ್ಲೋರಿನ್‌ನ, ಅಂದರೆ ಸಂಯುಕ್ತ ಕ್ಲೋರಿನ್‌ನ, ಹತ್ತು ಪಟ್ಟು ಕ್ಲೋರಿನ್ ಹಾಕಬೇಕೆಂಬ ನಿಯಮ ಬಹಳ ಹಳೆಯದು. ಆ ಹತ್ತು ಬಂದದ್ದು ಅಮೋನಿಯದಲ್ಲಿರುವ ನೈಟ್ರೋಜನ್‌ನ ತೂಕಕ್ಕೆ ಹೋಲಿಸಿದ ಲೆಕ್ಕದಿಂದ. ಪರೀಕ್ಷಾ ಕಿಟ್ ತೋರಿಸುವ ಸಂಯುಕ್ತ ಕ್ಲೋರಿನ್ ಆಗಲೇ ಕ್ಲೋರಿನ್‌ನ ಏಕಮಾನದಲ್ಲಿರುತ್ತದೆ, ಮತ್ತು ಮಾನೋಕ್ಲೋರಮೈನ್ ಆಗಲು ಬೇಕಾದ ಕ್ಲೋರಿನ್ ಅದರೊಳಗೇ ಇದೆ. ಸಮೀಕರಣದ ಪ್ರಕಾರ ಇನ್ನು ಬೇಕಾದದ್ದು ಅದರ ಅರ್ಧದಷ್ಟು. ಏಕಮಾನ ಅದಲುಬದಲಾದ ಒಂದು ನಿಯಮವನ್ನು ನಾನೂ ಕಣ್ಣುಮುಚ್ಚಿ ಒಂದು ಸಾಲಿನ ಕೋಡಾಗಿ ಬರೆದಿದ್ದೆ, ಆ ಕೋಡನ್ನು ತಾಳೆ ನೋಡುವ ಪರೀಕ್ಷೆಯೊಂದನ್ನೂ ಬರೆದಿದ್ದೆ, ಪರೀಕ್ಷೆ ಪಾಸಾಗುತ್ತಲೂ ಇತ್ತು.

ಏಕಮಾನಗಳ ಗೋಳು ಹೇಳಿ ಮುಗಿಯುವಂಥದ್ದಲ್ಲ. ಗ್ಯಾಲನ್ ಎರಡು ಬಗೆ, 3.785 ಲೀಟರಿನದ್ದು ಒಂದು, 4.546 ಲೀಟರಿನದ್ದು ಇನ್ನೊಂದು. ಔನ್ಸ್ ತೂಕದ್ದೂ ಇದೆ, ದ್ರವದ್ದೂ ಇದೆ. ಶೇ. 12.5 ಎಂದು ಬರೆದ ಕ್ಲೋರಿನ್ ದ್ರಾವಣದಲ್ಲಿ ಅದು ಪರಿಮಾಣದ ಲೆಕ್ಕವಾದರೆ ತೂಕದ ಲೆಕ್ಕದಲ್ಲಿ 11ಕ್ಕೂ ಕಡಿಮೆ. ಕ್ಯಾಲ್ಸಿಯಂ ಕ್ಲೋರೈಡ್ ನೀರಿನಂಶವಿಲ್ಲದ್ದಾದರೆ ನಮ್ಮ 75,000 ಲೀಟರಿನ ಕೊಳದಲ್ಲಿ ಗಡಸುತನ 50 ಏರಿಸಲು 4.2 ಕಿಲೋ ಸಾಕು, ಹರಳಿನಲ್ಲಿ ನೀರು ಹಿಡಿದ ಡೈಹೈಡ್ರೇಟ್ ಆದರೆ ಐದೂವರೆ ಬೇಕು. ಚೀಲದ ಮೇಲೆ ಎರಡಕ್ಕೂ ಒಂದೇ ಹೆಸರು. ಈಗ ಕೋಡಿನೊಳಗೆ ಎಲ್ಲವೂ ಗ್ರಾಂ ಮತ್ತು ಲೀಟರ್. ಉಳಿದ ಏಕಮಾನಗಳು ಪರದೆಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬರಬೇಕು.

ಕೊಳದ ಗಾತ್ರವನ್ನು ಜನ ಕಣ್ಣಳತೆಯಲ್ಲಿ ಹೇಳುತ್ತಾರೆ, ಇಳಿಜಾರಿನ ತಳ ಯಾರ ಅಂದಾಜಿಗೂ ಸಿಕ್ಕುವುದಿಲ್ಲ. ಇದಕ್ಕೆ ಒಂದು ಚೆಂದದ ಉಪಾಯ ಸಿಕ್ಕಿತು. ಉಪ್ಪು ನೀರಿನಲ್ಲಿ ಹಾಗೇ ಉಳಿಯುತ್ತದೆ. 50 ಕಿಲೋ ಉಪ್ಪು ಹಾಕಿ, ಪಂಪನ್ನು ಒಂದು ದಿನ ಓಡಿಸಿ, ಲವಣಾಂಶ 625 ಪಿಪಿಎಂ ಏರಿತೆಂದು ಅಳೆದರೆ, ಕೊಳದಲ್ಲಿರುವುದು 80,000 ಲೀಟರ್. ಮಾಲೀಕರು 75,000 ಎಂದಿದ್ದರೂ ಸರಿ. ಒಂದು ಅಳತೆಯನ್ನು ನಂಬಲಾಗದು, ಆದರೆ ಹಾಕಿದ ಪ್ರಮಾಣ ಮತ್ತು ಏರಿದ ಮಟ್ಟದ ಹತ್ತಾರು ಜೋಡಿಗಳು ಸಿಕ್ಕರೆ ಗಾತ್ರ ತಾನೇ ಒಂದು ಅಂಕಿಯ ಸುತ್ತ ಬಂದು ನಿಲ್ಲುತ್ತದೆ. ಹೀಗೆ ಬಂದ ಅಂಕಿಯನ್ನು ತಂತ್ರಾಂಶ ತಾನಾಗಿ ಬದಲಿಸುವುದಿಲ್ಲ, ಮಾಲೀಕರಿಗೆ ತೋರಿಸಿ ಒಪ್ಪಿಗೆ ಕೇಳುತ್ತದೆ.

ಉತ್ತರ ತೋರಿಸುವ ಪರದೆಗೆ ಬರುತ್ತೇನೆ. ಮೊದಲು ಅದು 1.4837 ಲೀಟರ್ ಎಂದು ತೋರಿಸುತ್ತಿತ್ತು. ಕ್ಲೋರಿನ್ ಅಳತೆಯಲ್ಲೇ ಅರ್ಧ ಪಿಪಿಎಂ ಆಚೀಚೆ ಇರುವಾಗ, ಕಪ್ಪು ಚುಕ್ಕೆ ಮಸುಕಾಗಿ ಮರೆಯಾಗುವುದನ್ನು ನೋಡಿ ಅಂದಾಜಿಸುವ ಸಯನೂರಿಕ್ ಆಮ್ಲದ ಪರೀಕ್ಷೆಯಲ್ಲಿ ಹತ್ತು ಹದಿನೈದು ಪಿಪಿಎಂ ಏರುಪೇರು ಸಹಜವಾಗಿರುವಾಗ, ಆ ನಾಲ್ಕು ದಶಮಾಂಶಗಳು ಶುದ್ಧ ಸುಳ್ಳು. ಈಗ "ಒಂದೂವರೆ ಲೀಟರ್" ಎನ್ನುತ್ತದೆ. ಇದಕ್ಕಿಂತ ಗಂಭೀರವಾದದ್ದು ಇನ್ನೊಂದು. ಆಮ್ಲ ಮತ್ತು ಕ್ಲೋರಿನ್ ಎರಡೂ ಬೇಕಾದ ದಿನ ಎರಡರ ಪ್ರಮಾಣವೂ ಒಂದರ ಕೆಳಗೊಂದು ಕಾಣುತ್ತಿತ್ತು. ಒಬ್ಬರು ಆ ಪಟ್ಟಿಯನ್ನು ಓದಿಕೊಂಡು ಎರಡೂ ಕ್ಯಾನುಗಳನ್ನು ಒಟ್ಟಿಗೆ ಎತ್ತಿಕೊಂಡು ಬಂದು, ಒಂದೇ ಅಳತೆಯ ಜಗ್ಗಿನಲ್ಲಿ ಮೊದಲು ಒಂದನ್ನು ಸುರಿದು, ತೊಳೆಯದೆ ಇನ್ನೊಂದನ್ನು ಬಗ್ಗಿಸಲು ಹೊರಟಿದ್ದನ್ನು ನಾನು ಕಣ್ಣಾರೆ ಕಂಡೆ. ಜಗ್ಗಿನ ತಳದಲ್ಲಿ ಉಳಿದಿದ್ದ ನಾಲ್ಕು ಹನಿ ಆಮ್ಲಕ್ಕೆ ಕ್ಲೋರಿನ್ ದ್ರಾವಣದ ಹೈಪೋಕ್ಲೋರೈಟ್ ಬಿದ್ದಿದ್ದರೆ ಮೇಲೇಳುತ್ತಿದ್ದದ್ದು ಕ್ಲೋರಿನ್ ಅನಿಲ. ಕೂಗಿ ನಿಲ್ಲಿಸಿದೆ. ಪಟ್ಟಿ ಬರೆದವನು ನಾನೇ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು, ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಈಗ ಪರದೆಯ ಮೇಲೆ ಒಂದು ಹೊತ್ತಿಗೆ ಒಂದೇ ರಾಸಾಯನಿಕ. ಅದನ್ನು ಹಾಕಿದ್ದಾಗಿ ಒತ್ತಿ, ಪಂಪು ಓಡುವ ಕಾಲ ಕಳೆಯುವವರೆಗೆ ಎರಡನೆಯದು ಬೇಕೆಂಬ ಸುಳಿವೂ ಸಿಗುವುದಿಲ್ಲ. ಟ್ರೈಕ್ಲೋರ್ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎರಡನ್ನೂ ಇಟ್ಟುಕೊಂಡಿರುವುದಾಗಿ ಯಾರಾದರೂ ದಾಖಲಿಸಿದರೆ, ಅವೆರಡು ಒಂದಕ್ಕೊಂದು ತಗುಲಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಚಮಚವೂ ಬೇರೆಯಿರಲಿ ಎಂಬ ಎಚ್ಚರಿಕೆ ಎಲ್ಲಕ್ಕಿಂತ ಮೊದಲು ಬರುತ್ತದೆ.

ತಂತ್ರಾಂಶ ಹೇಳಲೊಪ್ಪದ ಸಂಗತಿಗಳೂ ಇವೆ. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿಯನ್ನು ಹತೋಟಿಗೆ ತರಲು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 15,300 ಎಂಬ ಅಂಕಿ ಕೊಡುತ್ತದೆ: ಪಿಪಿಎಂ ಮತ್ತು ನಿಮಿಷಗಳ ಗುಣಲಬ್ಧ, 20 ಪಿಪಿಎಂ ಆದರೆ 12 ಗಂಟೆ 45 ನಿಮಿಷ. ಇದನ್ನು ಲೆಕ್ಕ ಹಾಕಿ ತೋರಿಸುವುದು ಸುಲಭ, ಆದರೆ ಸ್ಟೆಬಿಲೈಸರ್ ಇರುವ ನೀರಿಗೆ ಆ ಅಂಕಿ ಹಾಗೇ ಅನ್ವಯಿಸುವುದಿಲ್ಲ. ಅಂಥ ದಿನ ಕೊಳ ಮುಚ್ಚಿ ಆರೋಗ್ಯ ಇಲಾಖೆಯ ಸೂಚನೆ ನೋಡಿ ಎಂದಷ್ಟೇ ಬರೆದಿದ್ದೇನೆ.

ಸದ್ಯಕ್ಕೆ ಕೈಯಲ್ಲಿರುವ ಕೆಲಸ ಫೋನಿನ ಕ್ಯಾಮೆರಾದಿಂದ ಪರೀಕ್ಷಾ ಪಟ್ಟಿಯ ಬಣ್ಣ ಓದುವುದು. ಎಲ್ಲರೂ ಕೇಳುವುದು ಇದನ್ನೇ. ಒಂದೇ ಪಟ್ಟಿಯನ್ನು ಅರ್ಧ ನಿಮಿಷದೊಳಗೆ ಬಿಸಿಲಿನಲ್ಲಿ ಒಮ್ಮೆ, ನೆರಳಿನಲ್ಲಿ ಒಮ್ಮೆ ಹಿಡಿದು ಚಿತ್ರ ತೆಗೆದೆ. ಮೊದಲನೆಯದಕ್ಕೆ ಪಿಎಚ್ 7.2 ಎಂದೂ ಎರಡನೆಯದಕ್ಕೆ 7.8 ಎಂದೂ ನನ್ನ ಕೋಡು ಹೇಳಿತು. ಪಟ್ಟಿಯ ಪಕ್ಕದಲ್ಲಿ ಬಿಳಿ ಕಾಗದದ ತುಂಡೊಂದನ್ನು ಇಟ್ಟು ಬಣ್ಣ ಸರಿಹೊಂದಿಸಿದಾಗ ಅಂತರ 0.3ಕ್ಕೆ ಇಳಿಯಿತು. ಇನ್ನೂ ಇಳಿಯಬೇಕು. ಅಲ್ಲಿಯವರೆಗೆ ಆ ಕೋಡು ಬಳಸುವವರ ಕೈಗೆ ಹೋಗದ ಬೇರೆ ಶಾಖೆಯಲ್ಲೇ ಇರುತ್ತದೆ, ಮತ್ತು ಪಿಎಚ್ ಪೆಟ್ಟಿಗೆಯ ಪಕ್ಕದಲ್ಲಿ ಹೋದ ತಿಂಗಳು ಸೇರಿಸಿದ "ಸರಿಯಾಗಿ ಕಾಣಲಿಲ್ಲ" ಎಂಬ ಗುಂಡಿ ಅಲ್ಲೇ ಉಳಿಯುತ್ತದೆ.